ಕದಲಿಸದ ಪೂಜೆ

ಲೈಟ್ ಹೋದ ಕೂಡಲೇ ಮಷೀನು ತಣ್ಣಗಾಗುವುದಿಲ್ಲ. ಪ್ಲಾಸ್ಟಿಕ್ ಕರಗುವ ಅದರ ಕೊಳವೆ ಸ್ವಲ್ಪ ಹೊತ್ತು ಕಾವು ಹಿಡಿದುಕೊಂಡಿರುತ್ತದೆ. ಅಷ್ಟರೊಳಗೆ ನಾನು ಹ್ಯಾಂಡಲ್ ಜಗ್ಗಿ ಒಳಗಿನ ಮಾಲನ್ನೆಲ್ಲ ಕೆಳಗೆ ಇಳಿಸಿಬಿಡುತ್ತಿದ್ದೆ. ಹಾಗೇ ಬಿಟ್ಟರೆ ಅದು ಒಳಗೇ ಗಟ್ಟಿಯಾಗಿ, ಲೈಟ್ ಬಂದು ಮತ್ತೆ ಕಾಯುವಾಗ ಸುಟ್ಟು, ಮುಂದಿನ ಮಾಲೆಲ್ಲ ಮೈಮೇಲೆ ಕಪ್ಪು ಚುಕ್ಕೆ ಹೊತ್ತುಕೊಂಡು ಬರುತ್ತದೆ. ನನ್ನ ಮಷೀನಿನಿಂದ ಚುಕ್ಕೆಯ ಮಾಲು ಹೊರಗೆ ಹೋದದ್ದಿಲ್ಲ. ಐದನೇ ಇಯತ್ತೆ ಮುಗಿಸದೆ ವಿಜಾಪುರದ ಕಡೆಯಿಂದ ಮುಂಬೈಗೆ ಬಂದವನು ನಾನು. ಓದಿದ್ದು ಕಡಿಮೆ, ಜಗ್ಗಿದ್ದು ಬಹಳ.

ಆಗ ನಾವು ಮಾಡುತ್ತಿದ್ದುದು ದೀಪಾವಳಿಯ ಲೈಟಿನ ಸರಕ್ಕೆ ಸಿಕ್ಕಿಸುವ ಹೂವು. ಪುಟ್ಟ ಬಲ್ಬಿನ ಮೇಲೆ ಟೊಪ್ಪಿಗೆಯ ಹಾಗೆ ಕೂರುವ ಕೆಂಪು, ಹಸಿರು, ಹಳದಿ ಪ್ಲಾಸ್ಟಿಕ್ ಹೂವು. ಮಳೆಗಾಲದಲ್ಲೇ ಶುರುವಾಗುವ ಕೆಲಸ. ನವರಾತ್ರಿ ಬಂದಿತೆಂದರೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುತ್ತಿರಲಿಲ್ಲ. ಮೊದಲು ನಮ್ಮ ಗಾಲಾ ಕಾಂದಿವಲಿಯಲ್ಲಿತ್ತು. ಗಾಲಾ ಅಂದರೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಾಲಾಗಿ ಕಟ್ಟಿದ ಕೋಣೆ: ಮುಂದೆ ಶಟರ್, ಮೇಲೆ ತಗಡು, ಒಳಗೆ ಒಂದು ಪುಟ್ಟ ಕಾರ್ಖಾನೆ. ಬಾಡಿಗೆ ಏರಿತೆಂದು ನಮ್ಮ ಸೇಠ ಅದನ್ನು ಖಾಲಿ ಮಾಡಿ ವಸಯಿಗೆ ಹೋದ. ಮಷೀನುಗಳ ಹಿಂದೆ ನಾವೂ ಹೋದೆವು.

ನನ್ನ ಮನೆ ಬೊರಿವಲಿಯ ಒಂದು ಚಾಳಿನಲ್ಲಿ. ಬೆಳಿಗ್ಗೆ ಊರಿಗೆ ಊರೇ ಚರ್ಚ್‌ಗೇಟ್ ಕಡೆ ನೇತಾಡುತ್ತ ಹೋಗುವಾಗ ನಾನು ವಿರಾರ್ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಕೂತು ಉಲ್ಟಾ ಹೋಗುತ್ತಿದ್ದೆ. ಆ ಕೆಲಸದಲ್ಲಿದ್ದ ಸುಖ ಅದೊಂದೇ. ಬೊರಿವಲಿ, ಕಾಂದಿವಲಿಯಲ್ಲಿ ಲೈಟ್ ಹೋಗುವುದು ಅಪರೂಪ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟಿದರೆ ಬೇರೆ ಬೋರ್ಡು, ಬೇರೆ ಲೈಟು, ದಿನಾ ಲೋಡ್‌ಶೆಡ್ಡಿಂಗ್. ಕರೆಂಟು ಎಲ್ಲರಿಗೂ ಒಂದೇ ದಿನ ಸಾಲದೆಂದು ಒಂದೊಂದು ಕಡೆಯ ಕಾರ್ಖಾನೆಗೆ ಒಂದೊಂದು ದಿನ ವಾರದ ಸೂಟಿ, ಅಂದರೆ ರಜೆ, ಹಂಚಿದ್ದರು. ನಮಗೆ ಬಂದದ್ದು ಶುಕ್ರವಾರ. ಮಕ್ಕಳ ಭಾನುವಾರ ನಾನು ಮನೆಯಲ್ಲಿಲ್ಲ, ನನ್ನ ಶುಕ್ರವಾರ ಮಕ್ಕಳು ಮನೆಯಲ್ಲಿಲ್ಲ.

ಅದನ್ನೂ ನುಂಗಿಕೊಂಡೆವು. ನುಂಗಲಾಗದ್ದು ಸೇಠನ ಒಂದು ಕಾಯಿದೆ: ಲೈಟ್ ಇಲ್ಲದ ಹೊತ್ತು ಡ್ಯೂಟಿ ಅಲ್ಲ. ಊಟದ ಹೊತ್ತಿಗೆ ಹೋದ ಲೈಟ್ ಚಹಾದ ಹೊತ್ತಿಗೆ ಬರುತ್ತಿತ್ತು. ಒಮ್ಮೊಮ್ಮೆ ಬೇಗ ಬಂದುಬಿಡುತ್ತಿತ್ತು, ಹಾಗಾಗಿ ಹೊರಗೆ ಹೋಗುವಂತಿಲ್ಲ. ಬಂದ ಗಳಿಗೆಗೇ ಹೀಟರ್ ಹಾಕಿ ಮಷೀನು ಕಾಯಿಸಬೇಕು. ಎದ್ದು ಹೋದವನ ಅರ್ಧ ದಿನ ಕಟ್. ಒಳಗೆ ಕೂತರೂ ಆ ಹೊತ್ತು ಲೆಕ್ಕಕ್ಕಿಲ್ಲ, ಸಂಜೆ ಅಷ್ಟು ಹೊತ್ತು ನಿಂತು ತುಂಬಿಕೊಡಬೇಕು. ಅಕ್ಟೋಬರಿನ ಉರಿಯಲ್ಲಿ, ತಗಡಿನ ಕೆಳಗೆ, ಫ್ಯಾನಿಲ್ಲದೆ, ಈಗಷ್ಟೇ ನಿಂತ ಮಷೀನುಗಳ ಕಾವಿನ ನಡುವೆ ಕೂರುವುದು ಕೆಲಸವಲ್ಲ ಅನ್ನುವವನು ಒಮ್ಮೆ ಕೂತು ನೋಡಬೇಕು.

ಕೇಳಿದ್ದೆವು. ಇಂಡಿ ಕಡೆಯ ನನ್ನ ಗೆಳೆಯ, ಎರಡನೇ ಮಷೀನಿನವನು, ಬಾಯಿ ಜೋರು. ಆದರೂ ಸೇಠನ ಮುಂದೆ ನನ್ನನ್ನೇ ಮುಂದೆ ದೂಡಿದ, ನಾನು ಹಳಬನೆಂದು. ಸೇಠ ಕಚ್ಛದವನು, ನಮ್ಮೊಂದಿಗೆ ಅವನ ಮಾತು ಹಿಂದಿಯಲ್ಲಿ. ಕೆಟ್ಟವನೇನಲ್ಲ. ಆದರೆ ಲೈಟ್ ಹೋದರೆ ಆಫೀಸಿನ ಬಾಗಿಲು ಹಾಕಿ ಸ್ಕೂಟರ್ ಹತ್ತಿ ಮನೆಗೆ ಹೋಗುವವನು.

"ಅರೇ ಅಣ್ಣಾ, ಲೈಟ್ ಮೈ ಬನಾತಾ ಹೂಂ ಕ್ಯಾ?" ಅಂದ. ಲೈಟೇನು ನಾನು ಮಾಡುತ್ತೇನೆಯೇ ಅಂತ.

ಗೆಳೆಯ ನನ್ನ ಬೆನ್ನ ಹಿಂದಿನಿಂದ ಕನ್ನಡದಲ್ಲಿ ಗೊಣಗಿದ. "ಲೈಟ್ ಮಾಡಂಗಿಲ್ಲ, ಲೈಟಿನ ಟೊಪ್ಪಿಗಿ ಮಾಡ್ತೀ. ಅದನ್ನಽ ನಮಗೂ ಹಾಕ್ತೀ."

ಎಸ್ಟೇಟಿನ ಬೇರೆ ಗಾಲಾಗಳಲ್ಲಿಯೂ ಇದೇ ಜಗಳ ಹೊಗೆಯಾಡುತ್ತಿತ್ತು. ಒಂದೆರಡರ ಮುಂದೆ ಕೆಂಪು ಬಾವುಟ ನೆಟ್ಟಿದ್ದರು. ಯೂನಿಯನ್ನಿನವನೊಬ್ಬ ಚಹಾದ ಟಪರಿ ಅಂಗಡಿಗೆ ಬಂದು ನಮ್ಮನ್ನೂ ಕರೆದ. ನಾನು ಹೋಗಲಿಲ್ಲ. ಮುಷ್ಕರದ ರುಚಿ ನನಗೆ ಗೊತ್ತಿತ್ತು. ನಾನು ಈ ಕೆಲಸ ಕಲಿತದ್ದು ಕಾಂದಿವಲಿಯ ಒಂದು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ಬಾವುಟ ಏರಿತು, ಗೇಟಿನಲ್ಲಿ ಭಾಷಣವಾಯಿತು, ನಾವೂ ಕೈ ಎತ್ತಿ ಕೂಗಿದೆವು. ಮಾಲೀಕರು ಗೇಟಿಗೆ ಬೀಗ ಹಾಕಿದರು. ಆ ಬೀಗ ಮತ್ತೆ ತೆಗೆದದ್ದು ಕಟ್ಟಡ ಕೆಡವುವವರು. ಈಗ ಅಲ್ಲಿ ಟವರ್ ಎದ್ದಿದೆ. ನಾನು ಕೆಲಸ ಕಲಿತ ಜಾಗದಲ್ಲಿ ಯಾರದೋ ಮಕ್ಕಳು ಈಜು ಕಲಿಯುತ್ತಾರೆ.

ಅದಕ್ಕೇ ಆ ವರ್ಷ ನಡೆದದ್ದಕ್ಕೆ ನಾವು ಯಾರೂ ಮುಷ್ಕರ ಅನ್ನಲಿಲ್ಲ. ಅಂದಿದ್ದರೆ ನಾನೇ ಎದ್ದು ಹೋಗುತ್ತಿದ್ದೆನೇನೋ.

ಮಹಾನವಮಿಯ ದಿನ ಗಾಲಾದಲ್ಲಿ ಮಷೀನು ಪೂಜೆ. ನಮ್ಮ ಕಡೆ ಇದಕ್ಕೆ ಖಂಡೆ ಪೂಜೆ ಅನ್ನುತ್ತಾರೆ. ನೇಗಿಲಿನ ಕುಡ, ಕಳೆ ತೆಗೆಯುವ ಕುರ್ಚಿಗಿ, ತಕ್ಕಡಿ, ಹೊಟ್ಟೆ ಹೊರೆಯುವುದು ಯಾವುದೋ ಅದಕ್ಕೆ ಪೂಜೆ. ಪ್ರತಿ ವರ್ಷ ಮಾಡುವವನು ನಾನು. ಮಷೀನಿನೊಳಗಿನ ಮಾಲನ್ನೆಲ್ಲ ತೆಗೆದು ಖಾಲಿ ಮಾಡಿದೆ. ಬಾಯಲ್ಲಿ ತುತ್ತಿಟ್ಟುಕೊಂಡು ಯಾರೂ ಪೂಜೆ ಮಾಡಿಸಿಕೊಳ್ಳಬಾರದು. ಚಿಮಣಿ ಎಣ್ಣೆಯ ಅರಿವೆಯಿಂದ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡು ಹೂವಿನ ಮಾಲೆ ಹಾಕಿದೆ. ಕಾಯಿ ಒಡೆದವನು ಸೇಠ. ಅವನೇ ತಂದ ಕಾಯಿ, ಅವನದೇ ಕೈ. ಕಾಯಿಯ ನೀರು ನನ್ನ ಮಷೀನಿನ ಮೇಲೆ ಹರಿದು, ಹ್ಯಾಂಡಲ್ ಜಗ್ಗಿದಾಗ ಮಾಲನ್ನು ಕೆಳಗೆ ದೂಡುವ ಉಕ್ಕಿನ ದಂಡದ ಬುಡಕ್ಕೆ ಇಳಿಯಿತು. ಒರೆಸಲು ಕೈ ಹೋಗಿತ್ತು. ನಾಳಿದ್ದು ಕದಲಿಸುವಾಗ ಒರೆಸಿದರಾಯಿತು ಎಂದು ಬಿಟ್ಟೆ.

ಕದಲಿಸುವುದೆಂದರೆ ಪೂಜೆ ಎತ್ತುವುದು. ಪೂಜೆಗೆ ಕೂರಿಸಿದ ಆಯುಧವನ್ನು ಕದಲಿಸದೆ ಮುಟ್ಟುವಂತಿಲ್ಲ. ದಸರೆಯ ದಿನ ಬನ್ನಿ ಎಲೆ ಹಂಚಿ, ಹಿರಿಯರ ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದ ಮೇಲೆ ಪೂಜೆ ಕೂರಿಸಿದವನೇ ಎತ್ತಬೇಕು. ಮುಂಬೈಯಲ್ಲಿ ಬನ್ನಿ ಸಿಗುವುದು ಕಷ್ಟ, ಇಲ್ಲಿಯವರ ಹಾಗೆ ಆಪಟೆಯ ಎಲೆ. ಚಾಳಿನಲ್ಲಿ ಹಂಚಿ ಉಳಿದದ್ದನ್ನು ಸೇಠನಿಗೂ ಜೊತೆಯವರಿಗೂ ಎಂದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ದಸರೆಯ ಮರುದಿನ ಬೆಳಿಗ್ಗೆ ಸೇಠ ಶಟರ್ ಎತ್ತಿಸಿ, "ಚಲೋ, ಹೀಟರ್ ಲಗಾವೋ" ಅಂದ. ನಾನು ಮಾಲೆ ತೆಗೆಯಲು ಹೋದೆ.

"ತಡೀ," ಅಂದ ಗೆಳೆಯ. "ಸೇಠಗ ಬನ್ನಿ ಕೊಟ್ಟೀಯೇನು?"

"ಈಗ ಕೊಡ್ತೀನಿ."

"ಕೊಡು, ಕೊಡು. ಬನ್ನಿ ಕೊಟ್ಟ ಮ್ಯಾಲ ಹಳೇ ಜಗಳಾ ಎತ್ತಂಗಿಲ್ಲ, ಗೊತ್ತಿರ್ಲಿ. ಕತ್ತಲ್ಯಾಗ ಕುಂತಿದ್ದು ಎಲ್ಲಾ ಬಂಗಾರ ಆಗಿ ಹೋಗ್ತದ."

ಅವನು ಚೇಷ್ಟೆಗೆ ಹೇಳಿದ್ದು. ನನ್ನ ಕೈ ಮಾತ್ರ ಜೇಬಿನಲ್ಲೇ ನಿಂತಿತು. ಮಾತು ಸುಳ್ಳಲ್ಲ. ನಮ್ಮಪ್ಪ ಒಂದು ವರ್ಷ ಬದುವಿನ ತಂಟೆ ಮುಗಿಯುವ ತನಕ ತನ್ನ ತಮ್ಮನಿಗೆ ಬನ್ನಿ ಕೊಟ್ಟಿರಲಿಲ್ಲ. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡು ಬಂಗಾರದ ಮಾತು ಆಡಬಾರದು ಅನ್ನುತ್ತಿದ್ದ. ತಂಟೆ ಮುಗಿದ ದಿನ ಒಣಗಿದ ಎಲೆಯನ್ನೇ ಒಯ್ದು ಕೊಟ್ಟ.

ನಾನು ಸೇಠನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ನಿಮ್ಮ ನಡುವೆ ಒಂದು ಮಾತು ಉಳಿದಿದೆ. ಅದು ಮುಗಿಯದೆ ನಾನು ಎಲೆ ಕೊಡಲಾರೆ, ಎಲೆ ಕೊಡದೆ ಪೂಜೆ ಕದಲಿಸಲಾರೆ. ನೀವು ಬೇಕಾದರೆ ಕದಲಿಸಿ, ನಾನು ತಡೆಯುವುದಿಲ್ಲ.

ಸೇಠ ನಕ್ಕ. ನಗುತ್ತಲೇ ಮಷೀನಿನ ಹತ್ತಿರ ಹೋದ. ಮಾಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನಗು ನಿಲ್ಲಿಸಿ ಆಫೀಸಿಗೆ ಬಂದು ಕೂತ. ಅವನಿಗೆ ಸಿಟ್ಟು ನಮ್ಮ ಮೇಲೆ, ಹೆದರಿಕೆ ದೇವಿಯದು. ತಾನೇ ಕಾಯಿ ಒಡೆದ ಪೂಜೆಯನ್ನು ತಾನೇ ಕಿತ್ತು ಹಾಕಿದರೆ ದೀಪಾವಳಿಯ ಧಂದೆ ಕೈಗೆ ಹತ್ತುತ್ತದೆಯೇ ಎಂದು ಯೋಚಿಸಿರಬೇಕು.

ಅಂದಿನಿಂದ ನಾವು ದಿನಾ ಹೊತ್ತಿಗೆ ಸರಿಯಾಗಿ ಬಂದೆವು. ಕಸ ಹೊಡೆದು, ಡಬ್ಬಿ ಜೋಡಿಸಿ, ಊದುಬತ್ತಿ ಹಚ್ಚಿ ಕೂತೆವು. ಮಷೀನಿನವರು ಮೂವರು, ಪ್ಯಾಕಿಂಗಿನ ಹೆಂಗಸರು ಕೆಲವರು, ಹೂವಿನ ಅಂಚು ಕತ್ತರಿಸುವ, ನಾವೆಲ್ಲ ಮೌಶಿ ಅಂದರೆ ಚಿಕ್ಕಮ್ಮ ಎಂದು ಕರೆಯುವ ಮರಾಠಿ ಹೆಂಗಸು. ಮೌಶಿಯ ಬೆರಳು ಮಾತ್ರ ಸುಮ್ಮನಿರಲಾರದೆ ಸೆರಗಿನ ದಾರ ಕೀಳುತ್ತಿದ್ದವು. ಗೇಟಿನ ಹೊರಗೆ ಬಾವುಟವಿಲ್ಲ, ಕೂಗಿಲ್ಲ. ಎಸ್ಟೇಟಿನವರು ನಮ್ಮ ಗಾಲಾದ ಮುಂದೆ ನಿಂತು ಇಣುಕಿ ನೋಡಿ ಹೋಗುತ್ತಿದ್ದರು, ಒಬ್ಬಿಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರು.

ಮನೆಯಲ್ಲಿ ಹೆಂಡತಿ ಕೇಳಿದಳು. ಬೊರಿವಲಿಯ ಬಿಲ್ಡಿಂಗುಗಳಲ್ಲಿ ಅಡುಗೆ ಮಾಡುವವಳು, ಹತ್ತು ಮನೆಯ ಮಾತು ಕೇಳಿದವಳು.

"ಅಲ್ರೀ, ದೇವೀನ ಯೂನಿಯನ್ನಿಗೆ ಸೇರಿಸೀರಂತಲ್ಲ. ಆಕಿ ಚಂದಾ ಯಾರು ಕಟ್ಟವ್ರು?"

"ಆಕಿ ನಮ್ಮ ಲೀಡರ್. ಲೀಡರಗ ಚಂದಾ ಇರಂಗಿಲ್ಲ."

"ನಗಬ್ಯಾಡ್ರಿ. ಕಾಂದಿವಲಿದು ಮರತೀರೇನು?"

ಮರೆತಿರಲಿಲ್ಲ. ನಾನು ಎಲೆ ಕೊಟ್ಟರೆ ಕತ್ತಲಿನ ಹೊತ್ತಿನ ಕೂಲಿ ಕಾಯಂ ಆಗಿ ಹೋಯಿತು, ಮತ್ತೆ ಕೇಳಲು ಬಾಯಿಲ್ಲ. ಕೊಡದಿದ್ದರೆ ಸೇಠ ಶಟರ್ ಎಳೆದುಬಿಟ್ಟಾನು. ಇಷ್ಟು ಜನರ ಅನ್ನ ನನ್ನ ಜೇಬಿನ ಒಂದು ಹಿಡಿ ಎಲೆಗೆ ಬಂದು ನಿಂತಿತ್ತು, ಮತ್ತು ಕದಲಿಸಬೇಕಾದ ಕೈ ನನ್ನದು, ಬೇರೆಯವರದಲ್ಲ.

ಸೇಠ ಸುಮ್ಮನೆ ಕೂರಲಿಲ್ಲ. ಪಕ್ಕದ ಎಸ್ಟೇಟಿನಿಂದ ಉತ್ತರಪ್ರದೇಶದ ಕಡೆಯ ಒಬ್ಬ ಭಯ್ಯಾನನ್ನು ಕರೆತಂದ, ಒಳ್ಳೆಯ ಕೆಲಸಗಾರ. ಅವನು ಮಷೀನಿನ ಮುಂದೆ ಬಂದು, ಬಾಡಿದ ಮಾಲೆ, ಕುಂಕುಮ, ಒಣಗಿದ ಕಾಯಿಯ ಹೋಳು ನೋಡಿದ. "ಯೇ ಕಿಸ್ನೇ ಬಿಠಾಯಾ?" ಇದನ್ನು ಕೂರಿಸಿದ್ದು ಯಾರು ಎಂದು ಕೇಳಿದ. "ನಾನು," ಎಂದೆ. ಹಾಗಾದರೆ ನೀನೇ ಎಬ್ಬಿಸು ತಮ್ಮಾ ಅಂದವನೇ ನಡೆದುಬಿಟ್ಟ. ಹೋಗುವಾಗ ಮೌಶಿಯ ಹತ್ತಿರ ಪ್ರಸಾದ ಕೇಳಿ ಪಡೆದುಕೊಂಡು ಹೋದ.

ಆಮೇಲೆ ಸೇಠ ನನ್ನೊಬ್ಬನನ್ನೇ ಆಫೀಸಿಗೆ ಕರೆದ. ತನಗೂ ವಯಸ್ಸಾಯಿತು, ಗಾಲಾ ನೋಡಿಕೊಳ್ಳಲು ಒಬ್ಬ ಸೂಪರ್‌ವೈಸರ್ ಬೇಕು ಎಂದ. ಶಟರಿನ ಬೀಗದ ಕೈ ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದ. ಹ್ಯಾಂಡಲ್ ಜಗ್ಗಿ ಜಗ್ಗಿ ನನ್ನ ಬಲ ಭುಜ ಎಡದ್ದಕ್ಕಿಂತ ಕೆಳಗಿದೆ. ಕುರ್ಚಿ ಬೇಡವೆನ್ನುವಷ್ಟು ದೊಡ್ಡವನು ನಾನಲ್ಲ. ಆದರೆ ಬೀಗದ ಕೈ ಇಸಕೊಂಡು ಅದೇ ಕೈಯಿಂದ ಪೂಜೆ ಎತ್ತಿದರೆ, ಮರುದಿನ ಲೈಟ್ ಹೋದಾಗ ಗೆಳೆಯನನ್ನು ಕತ್ತಲಲ್ಲಿ ಕೂರಿಸಿ ಬೀಗ ಕಾಯುವವನು ನಾನೇ.

"ಸೇಠ, ನನಗೆ ಮಷೀನು ಗೊತ್ತು. ಕುರ್ಚಿ ಗೊತ್ತಿಲ್ಲ," ಎಂದು ಹಿಂದಿಯಲ್ಲಿ ಹೇಳಿ ಬಂದೆ.

ಸೇಠನ ಮುಖ ಸಣ್ಣದಾಯಿತು. ನಾಳೆಗೆ ಮುಗಿಯದಿದ್ದರೆ ಸಾಚಾಗಳನ್ನು ಬಿಚ್ಚಿ ಬೇರೆ ಗಾಲಾಕ್ಕೆ ಕೊಡುತ್ತೇನೆ, ಹೂವು ಅಲ್ಲಿ ಆಗುತ್ತದೆ ಎಂದು ನನ್ನ ಬೆನ್ನಿಗೆ ಹೇಳಿದ. ಸಾಚಾ ಅಂದರೆ ಹೂವಿನ ಅಚ್ಚು. ಅದು ಹೋದರೆ ಮಷೀನು ಬರೀ ಕಬ್ಬಿಣ.

ಹೊರಗೆ ಗೆಳೆಯ ಕಾಯುತ್ತಿದ್ದ. ಕೇಳಿ ಅವನ ಬಾಯಿಯ ಜೋರು ಇಳಿಯಿತು.

"ಲೇ, ಸಾಕು. ಎತ್ತಿಬಿಡು. ನಾ ನಗಚಾಟಕ್ಕ ಅಂದೆ."

"ನೀ ನಗಚಾಟಕ್ಕ ಅಂದಿ. ನಾ ಖರೇನಽ ಹಿಡದೀನಿ."

"ಸಾಚಾ ಹೋದ ಮ್ಯಾಲ ಖರೇನ ಏನ್ ಉಪ್ಪು ಹಾಕ್ಕೊಂಡು ನೆಕ್ಕತೀ?"

ನಾಳೆ ತನಕ ತಡಿ ಅಂದೆ.

ಮರುದಿನ ಸೇಠ ಊಟದ ಹೊತ್ತಿಗೆ ಬಂದ. ಕೈಯಲ್ಲಿ ನಟ್ಟು ತಿರುಗಿಸುವ ಪಾನಾ, ಸಾಚಾ ಬಿಚ್ಚಲು. ನೇರ ಮಷೀನಿನ ಹತ್ತಿರ ಹೋಗುವ ಬದಲು ನಮ್ಮ ಮುಂದೆ ಒಂದು ದಾಣಾದ, ಅಂದರೆ ಪ್ಲಾಸ್ಟಿಕ್ ಕಾಳಿನ, ಗೋಣಿಯ ಮೇಲೆ ಕೂತು, ಕಡೆಯ ಸಲ ಕೇಳುತ್ತೇನೆ ಎಂದ. ಅವನು ಮಾತು ಮುಗಿಸುವ ಮೊದಲೇ ಲೈಟ್ ಹೋಯಿತು. ಫ್ಯಾನ್ ನಿಂತಿತು. ತಗಡು ಚಟಪಟ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಸೇಠನ ಅಂಗಿ ಬೆನ್ನಿಗೆ ಹತ್ತಿತು. ಕರವಸ್ತ್ರ ಹಿಂಡಿ ಒರೆಸಿಕೊಂಡ. ಪಾನಾ ಕೆಳಗಿಟ್ಟು, ಸ್ಕೂಟರಿನ ಕೀಲಿಕೈ ತೆಗೆದು, ಲೈಟ್ ಬಂದ ಮೇಲೆ ಬರುತ್ತೇನೆ ಎಂದು ಎದ್ದ.

ಮೌಶಿ ತಲೆ ಎತ್ತದೆ ಹೇಳಿದಳು. "ಶೇಠ, ಬಸಾ. ಬಾಹೇರ್ ಗೇಲಾತ್ ತರ್ ಹಾಫ್ ಡೇ."

ಕೂತುಕೊಳ್ಳಿ ಸೇಠ, ಹೊರಗೆ ಹೋದರೆ ಅರ್ಧ ದಿನ ಕಟ್. ಅವನದೇ ಕಾಯಿದೆ. ಪ್ಯಾಕಿಂಗಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗೆಳೆಯ ಗೋಡೆಯ ಕಡೆ ತಿರುಗಿದ. ನನಗೆ ಈಗ ಎಲ್ಲ ಮುಗಿಯಿತು ಅನ್ನಿಸಿತು.

ಸೇಠ ನಿಂತಲ್ಲೇ ನಿಂತ. ಹೋಗಲು ಮಾನ ಅಡ್ಡ ಬಂತು, ಕೂರಲು ಸೆಕೆ. ಕಡೆಗೆ ಕೂತ. ಮೌಶಿ ರಟ್ಟಿನ ತುಂಡೊಂದನ್ನು ಗಾಳಿ ಹಾಕಿಕೊಳ್ಳಲು ಕೊಟ್ಟಳು. ಅದರಿಂದ ಗಾಳಿ ಹಾಕಿಕೊಂಡ. ಆಮೇಲೆ ಇಷ್ಟು ಕಾವು ಯಾವಾಗಲೂ ಇರುತ್ತದೆಯೇ ಎಂದು ಕೇಳಿದ.

"ಇಲ್ಲ ಸೇಠ," ಅಂದೆ. "ಇವತ್ತು ಕಡಿಮೆ. ಮಷೀನು ಓಡಿಲ್ಲ."

ಚಹಾದವನು ಬಂದ. ಸೇಠ ಎಲ್ಲರಿಗೂ ಚಹಾ ಹೇಳಿದ. ಲೈಟ್ ಬರುವ ತನಕ ಕೂತ. ಬಂದ ಮೇಲೆ ಸಾಚಾ ಬಿಚ್ಚದೆ ಪಾನಾ ಎತ್ತಿಕೊಂಡು ಹೋದ.

ಅವನ ಮನಸ್ಸು ಆ ಸೆಕೆಗೇ ಕರಗಿತೆಂದು ನಾನು ಹೇಳುವುದಿಲ್ಲ. ಬೇರೆ ಗಾಲಾದವನು ಹೂವಿಗೆ ಜಾಸ್ತಿ ಕೇಳಿದ್ದ ಎಂದು ಆಮೇಲೆ ಕಿವಿಗೆ ಬಿತ್ತು. ಎರಡೂ ಸೇರಿರಬಹುದು. ಮರುದಿನ ಬೆಳಿಗ್ಗೆ ಬಂದು, ನಿಂತುಕೊಂಡೇ ತೀರ್ಮಾನ ಹೇಳಿದ: ಲೈಟ್ ಹೋದ ಹೊತ್ತೂ ಡ್ಯೂಟಿ. ಆದರೆ ದೀಪಾವಳಿಯ ಮಾಲು ಹೋಗುವ ತನಕ ಶುಕ್ರವಾರದ ಸೂಟಿ ಇಲ್ಲ. ನಾನು ಎಲ್ಲರ ಮುಖ ನೋಡಿದೆ. ಗೆಳೆಯ ಕಣ್ಣಲ್ಲೇ ಹೂಂ ಅಂದ. ಶುಕ್ರವಾರ ಹೋದರೆ ಹೋಗಲಿ. ಭಾನುವಾರವನ್ನೇ ಬಿಟ್ಟವರಿಗೆ ಶುಕ್ರವಾರವೇನು ದೊಡ್ಡದು.

ಜೇಬಿನಿಂದ ಎಲೆ ತೆಗೆದೆ. ಒಣಗಿ ಮುದುಡಿದ್ದವು, ಒಂದೆರಡು ಬೆರಳಿಗೆ ಸಿಕ್ಕಿ ಪುಡಿಯಾದವು. ಗಟ್ಟಿಯಿದ್ದ ಒಂದನ್ನು ಸೇಠನ ಕೈಗಿಟ್ಟೆ. ಕನ್ನಡದಲ್ಲೇ ಹೇಳಿದೆ, ಅದನ್ನು ಬೇರೆ ಭಾಷೆಯಲ್ಲಿ ಹೇಳಿ ನನಗೆ ರೂಢಿಯಿಲ್ಲ. ಸೇಠ ಎಲೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿನಲ್ಲಿಟ್ಟ. ಅವನು ನನಗಿಂತ ಹಿರಿಯ. ಬಗ್ಗಿ ಕಾಲು ಮುಟ್ಟಿದೆ. ಅದರಲ್ಲಿ ನನಗೇನೂ ಸಣ್ಣತನ ಕಾಣಲಿಲ್ಲ, ಗೆದ್ದು ಬಗ್ಗಿದ್ದೆ.

ಮಾಲೆ ಎತ್ತಿದೆ. ಕಾಯಿಯ ಹೋಳು ಸರಿಸಿ ಒರೆಸಿದೆ. ದಂಡದ ಬುಡದಲ್ಲಿ, ಕಾಯಿಯ ನೀರು ಇಳಿದು ನಿಂತಲ್ಲಿ, ಕಂದು ಬಣ್ಣದ ತುಕ್ಕು ಬಳೆಯ ಹಾಗೆ ಕೂತಿತ್ತು. ಇಷ್ಟು ವರ್ಷದಲ್ಲಿ ಅದರ ಮೈಮೇಲೆ ತುಕ್ಕು ಕಂಡಿದ್ದು ಅದೇ ಮೊದಲು. ಮೊದಲು ಕಾಯಿಸೋಣ, ಆಮೇಲೆ ನೋಡೋಣ ಎಂದು ಹೀಟರ್ ಹಾಕಿ, ದಾಣಾ ತುಂಬಲು ಡಬ್ಬಿ ಎತ್ತಿದೆ. ಅಷ್ಟರಲ್ಲಿ ಲೈಟ್ ಹೋಯಿತು, ಬೋರ್ಡಿನ ಟೈಮಿಗೂ ಮೊದಲೇ.

ಒಂದು ಗಳಿಗೆ ಎಲ್ಲರೂ ಸೇಠನ ಕಡೆ ನೋಡಿದೆವು. ಅವನು ಗೋಡೆಯ ಗಡಿಯಾರ ನೋಡಿದ, ನಮ್ಮನ್ನು ನೋಡಿದ, ಸ್ಕೂಟರಿನ ಕಡೆ ಹೋದ.

ಗೆಳೆಯ ಗೋಣಿಯ ಮೇಲೆ ಕಾಲು ಚಾಚಿದ. ಮೌಶಿ ಎಲೆ ಅಡಿಕೆಯ ಚಂಚಿ ಬಿಚ್ಚಿದಳು. ನಾನು ಪಾಲಿಶ್ ಕಾಗದದ ತುಂಡು ಹುಡುಕಿ, ಎಣ್ಣೆಯ ಬುಡ್ಡಿ ತಂದು, ಶಟರಿನಿಂದ ಬರುವ ಬೆಳಕಿಗೆ ದಂಡ ತಿರುಗಿಸಿ ತುಕ್ಕು ತಿಕ್ಕಲು ಕೂತೆ.

"ಏನ್ ಮಾಡಾಕತ್ತೀಲೇ?" ಅಂದ ಗೆಳೆಯ.

"ತುಕ್ಕು."

"ಕೂಡ್ರಲೇ ಸುಮ್ನ. ಕೂಡ್ರಾಕಽ ಇಷ್ಟು ಜಗಳಾ ಮಾಡೀವಿ."

"ನೀ ಕೂಡು. ನನ್ನ ಡ್ಯೂಟಿ ನಡದೈತಿ."

ಲೈಟ್ ಬರುವ ತನಕ ತಿಕ್ಕಿದೆ. ತುಕ್ಕು ಹೋಯಿತು. ಬಳೆಯ ಗುರುತು ಪೂರ್ತಿ ಹೋಗಲಿಲ್ಲ, ಬೆರಳಿಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಆಮೇಲಿನ ವರ್ಷಗಳಲ್ಲಿ ಖಂಡೆ ಪೂಜೆಗೆ ಕಾಯಿ ಒಡೆದಾಗಲೆಲ್ಲ ಮೊದಲು ಆ ಜಾಗಕ್ಕೆ ಅರಿವೆ ಸುತ್ತುತ್ತಿದ್ದೆ.